ಅಡುಗೆಮನೆ, ಮಾತ್ರೆ ಡಬ್ಬಿ ಮತ್ತು ಹೃದಯ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು 'ಹೃದಯದ ಆರೋಗ್ಯಕ್ಕೆ ದಿನನಿತ್ಯದ ಅಭ್ಯಾಸಗಳು ಮತ್ತು ಕುಟುಂಬದ ನೆಮ್ಮದಿ' ಎಂದು ಅಚ್ಚು ಹಾಕಿಸಿದ್ದಾರೆ. ಮೊದಲರ್ಧಕ್ಕೆ ಡಾಕ್ಟರು ಸಾಕು, ಎರಡನೆಯ ಅರ್ಧಕ್ಕೆ ಯಾರಾದರೂ ಸ್ವಾಮಿಗಳನ್ನು ಕರೆಯಬೇಕಿತ್ತು ಎಂದು ಸ್ನೇಹಿತರೊಬ್ಬರು ತಮಾಷೆ ಮಾಡಿದರು. ಈ ವೃತ್ತಿಯಲ್ಲಿ ತಲೆ ನರೆತ ನನಗೆ ಅನ್ನಿಸುವುದು, ಇವೆರಡೂ ಒಂದೇ ವಿಷಯ ಎಂದು. ಆಸ್ಪತ್ರೆಯ ಚೀಟಿಯ ಮೇಲೆ ನಾವು ಒಬ್ಬರ ಹೆಸರು ಬರೆಯುತ್ತೇವೆ. ಆದರೆ ಆ ಒಬ್ಬರ ರಕ್ತದೊತ್ತಡವನ್ನು, ಸೊಂಟದ ಸುತ್ತಳತೆಯನ್ನು, ನಿದ್ದೆಯನ್ನು ತೀರ್ಮಾನಿಸುವುದು ಬಹುಪಾಲು ಅವರ ಮನೆ. ಇವತ್ತು ಇದೊಂದು ಮಾತನ್ನೇ ಬೇರೆ ಬೇರೆ ದಿಕ್ಕಿನಿಂದ ಹೇಳುತ್ತೇನೆ.

2025ರ ಜೂನ್ ನಿಮಗೆ ನೆನಪಿರಬಹುದು. ಹಾಸನ ಜಿಲ್ಲೆಯಿಂದ ಒಂದರ ಹಿಂದೆ ಒಂದು ಹೃದಯಾಘಾತದ ಸಾವಿನ ಸುದ್ದಿ ಬಂತು. ಸತ್ತವರಲ್ಲಿ ಹರೆಯದವರೂ ಇದ್ದರು. ಜುಲೈ ಹೊತ್ತಿಗೆ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಯಲ್ಲೂ ನಮ್ಮ ಮೈಸೂರಿನ ಜಯದೇವದಲ್ಲೂ ಕಾಲಿಡಲು ಜಾಗವಿಲ್ಲದಷ್ಟು ಜನ. ಎದೆಯಲ್ಲಿ ಏನೂ ತೊಂದರೆ ಇಲ್ಲದವರೂ 'ಒಂದು ಇಸಿಜಿ ತೆಗೆದುಬಿಡಿ' ಎಂದು ಬಂದು ನಿಂತರು. ಸರ್ಕಾರ ನೇಮಿಸಿದ ತಜ್ಞರ ಸಮಿತಿ, ಕಾಯಿಲೆ ದಿಢೀರೆಂದು ಏರಿದ್ದಕ್ಕೆ ಪುರಾವೆ ಇಲ್ಲ, ಹೊಸದೊಂದು ನಿಗೂಢ ಕಾರಣವೂ ಕಾಣುವುದಿಲ್ಲ ಎಂದು ವರದಿ ಕೊಟ್ಟಿತು. ಹಳೆಯ ಕಾರಣಗಳೇ: ಬಿಪಿ, ಶುಗರ್, ತಂಬಾಕು, ಬೊಜ್ಜು, ಕೂತು ಮಾಡುವ ಕೆಲಸ. ಜನರಿಗೆ ಈ ಉತ್ತರ ರುಚಿಸಲಿಲ್ಲ. ನಿಗೂಢ ಕಾರಣವಾದರೆ ನಮ್ಮ ತಪ್ಪೇನೂ ಇರುವುದಿಲ್ಲವಲ್ಲ! ಇನ್ನು ಇಸಿಜಿಯ ಮಾತು: ಅದು ಆ ಗಳಿಗೆಯ ಹೃದಯವನ್ನು ತೋರಿಸುತ್ತದೆ. ಇವತ್ತು ಸರಿಯಾಗಿ ಬಂದ ಇಸಿಜಿ ಮುಂದಿನ ತಿಂಗಳಿಗೆ ಗ್ಯಾರಂಟಿ ಕಾರ್ಡು ಆಗುವುದಿಲ್ಲ. ಆ ಸಾಲಿನಲ್ಲಿ ನಿಂತವರು ಬಿಪಿ, ಶುಗರ್ ನೋಡಿಸಿಕೊಂಡು, ಟೇಲರ್ ಟೇಪಿನಲ್ಲಿ ಸೊಂಟ ಅಳೆದುಕೊಂಡು ಮನೆಗೆ ಹೋಗಿದ್ದರೆ ಹೆಚ್ಚು ಉಪಯೋಗವಾಗುತ್ತಿತ್ತು. ನಮ್ಮ ಜನಕ್ಕೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಎಂದು ಲೆಕ್ಕ.

ಆ 'ಹಳೆಯ ಕಾರಣಗಳು' ನಮಗೆ ಗೊತ್ತಾದದ್ದರಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ ಹೃದಯಾಘಾತವಾದ 200 ಜನರನ್ನು, ಆಗದ 200 ಜನರ ಜೊತೆ ಹೋಲಿಸಿ ನೋಡಿ 1996ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿತು. ಸಿಗರೇಟು, ಬೀಡಿ, ಬಿಪಿ, ಸಕ್ಕರೆ, ಹೊಟ್ಟೆಯ ಬೊಜ್ಜು ಎಲ್ಲವೂ ಅಲ್ಲೇ ಎದ್ದು ಕಂಡವು. ಅದೇ ಕಾಲೇಜಿನಲ್ಲಿ ಓದಿದ ಸಲೀಂ ಯೂಸುಫ್ ಮುಂದೆ ಕೆನಡಾದಲ್ಲಿದ್ದುಕೊಂಡು 52 ದೇಶಗಳಲ್ಲಿ 'ಇಂಟರ್‌ಹಾರ್ಟ್' ಎಂಬ ದೊಡ್ಡ ಅಧ್ಯಯನ ನಡೆಸಿದರು. 2004ರಲ್ಲಿ ಬಂದ ಅದರ ಫಲಿತಾಂಶ: ಜಗತ್ತಿನಲ್ಲಿ ಆಗುವ ಮೊದಲ ಹೃದಯಾಘಾತಗಳಲ್ಲಿ ನೂರಕ್ಕೆ ತೊಂಬತ್ತರಷ್ಟನ್ನು ಒಂಬತ್ತೇ ಅಂಶಗಳಿಂದ ವಿವರಿಸಬಹುದು. ಮನಸ್ಸಿನ ಒತ್ತಡವೂ ಆ ಒಂಬತ್ತರಲ್ಲಿ ಒಂದು. ನಮ್ಮ ಉಪಖಂಡದವರಿಗೆ ಮೊದಲ ಹೃದಯಾಘಾತ ಬರುವ ನಡುವಯಸ್ಸು 53, ಬೇರೆ ಕಡೆ 59ರ ಹತ್ತಿರ. ಸುಮಾರು ಆರು ವರ್ಷ ಮೊದಲೇ. ಮಗಳ ಮದುವೆ, ಮಗನ ಕೆಲಸ, ಮನೆ ಸಾಲ ಯಾವುದೂ ಮುಗಿದಿರದ ವಯಸ್ಸು ಅದು.

ಈಗ ಆ ಪಟ್ಟಿ ಹಿಡಿದು ಅಡುಗೆಮನೆಗೆ ಹೋಗೋಣ. ಮೊದಲು ಉಪ್ಪು. ಇದರ ಮೇಲೆ ಸ್ವಲ್ಪ ಹೆಚ್ಚೇ ಹೊತ್ತು ನಿಲ್ಲುತ್ತೇನೆ, ಏಕೆಂದರೆ ನಮ್ಮ ನಾಡಿನಲ್ಲಿ ದೊಡ್ಡವರಾದ ನಾಲ್ವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಬಿಪಿ ಇದೆ.

ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ. ಒಂದು ಟೀ ಚಮಚ, ತಲೆ ತಟ್ಟಿದ್ದು. ಭಾರತೀಯರ ಸರಾಸರಿ 8 ಗ್ರಾಂ ಎಂದು ಐಸಿಎಂಆರ್‌ನ ಬೆಂಗಳೂರಿನ ಸಂಸ್ಥೆ 2023ರಲ್ಲಿ ಹೇಳಿತು. ಗ್ರಾಮಿನ ಲೆಕ್ಕ ಯಾವ ಮನೆಯಲ್ಲೂ ನಡೆಯುವುದಿಲ್ಲ. ಒಲೆಯ ಮುಂದೆ ತಕ್ಕಡಿ ಇಟ್ಟುಕೊಂಡು ಸಾರು ಮಾಡುವವರು ಯಾರು? ಹಾಗಾಗಿ ದಿನಸಿ ಚೀಟಿಯ ಲೆಕ್ಕ ಹೇಳುತ್ತೇನೆ. ಮನೆಯಲ್ಲಿ ದೊಡ್ಡವರು ನಾಲ್ಕು ಜನ. ತಲೆಗೆ 5 ಗ್ರಾಂ ಎಂದರೆ ದಿನಕ್ಕೆ 20 ಗ್ರಾಂ. ಅಲ್ಲಿಗೆ ಒಂದು ಕೆಜಿಯ ಉಪ್ಪಿನ ಪ್ಯಾಕೆಟ್ಟು 50 ದಿನ ಬರಬೇಕು. ಈ ಸಲ ಪ್ಯಾಕೆಟ್ಟು ಒಡೆದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆದಿಡಿ. 25 ದಿನಕ್ಕೇ ಮುಗಿದರೆ ತಲೆಗೆ 10 ಗ್ರಾಂ ಹೋಗಿದೆ ಎಂದೇ ಅರ್ಥ. ಇದರಲ್ಲಿ ಹೋಟೆಲಿನ ಇಡ್ಲಿ-ವಡೆ, ಬೇಕರಿಯ ಖಾರ ಬನ್ನು, ಅಂಗಡಿಯ ಮಿಕ್ಸ್ಚರು ಸೇರಿಲ್ಲ. 'ಉಪ್ಪಿನಕಾಯಿಗೆ ಬೇರೆ ಕಲ್ಲುಪ್ಪು ತರ್ತೀವಿ ಡಾಕ್ಟ್ರೇ, ಅದನ್ನ ಸೇರಿಸಬಾರದು' ಎಂದು ಒಬ್ಬ ತಾಯಿ ವಾದ ಮಾಡಿದ್ದರು. ಆ ಉಪ್ಪಿನಕಾಯಿಯನ್ನು ತಿನ್ನುವವರೂ ಅದೇ ಮನೆಯವರಲ್ಲವೇ? ದೃಷ್ಟಿ ನಿವಾಳಿಸಿ ಒಲೆಗೆ ಹಾಕಿದ ಉಪ್ಪನ್ನು ಮಾತ್ರ ಲೆಕ್ಕದಿಂದ ಬಿಡೋಣ.

ನಮ್ಮ ಊಟದ ಕ್ರಮದಲ್ಲೇ ಉಪ್ಪಿಗೆ ಅಗ್ರಸ್ಥಾನ. ಬಾಳೆಎಲೆಯ ತುದಿಗೆ ಮೊದಲು ಬೀಳುವುದು ಅದೇ. ಎಲೆಯ ಮೂಲೆಯ ಆ ಚಿಟಿಕೆಯ ಮೇಲೆ ನನಗೆ ಕೋಪವಿಲ್ಲ, ಮದುವೆ-ಮುಂಜಿಯಲ್ಲಿ ಬಡಿಸಲಿ. ದಿನದ ಊಟದಲ್ಲಿ ಮೊಸರನ್ನಕ್ಕೆ ಕಲಸಿಕೊಳ್ಳುವ ಉಪ್ಪು, ಅದರ ಪಕ್ಕಕ್ಕೆ ಉಪ್ಪಿನಕಾಯಿ, ಕರಿದ ಬಾಳಕದ ಮೆಣಸಿನಕಾಯಿ, ಹಪ್ಪಳ, ಈ ನಾಲ್ಕೂ ಊಟದ ಕೊನೆಯ ಐದು ನಿಮಿಷದಲ್ಲಿ ಹೊಟ್ಟೆಗೆ ಇಳಿಯುತ್ತವೆ. ಸಾರಿನಲ್ಲಿ ಕಡಿಮೆ ಮಾಡಿದ್ದೆಲ್ಲ ಅಲ್ಲಿ ವಾಪಸ್ಸು ಬರುತ್ತದೆ. ಊಟದ ಮೇಜಿನಿಂದ ಉಪ್ಪಿನ ಬಟ್ಟಲನ್ನು ಎತ್ತಿಟ್ಟರೆ ಅರ್ಧ ಕೆಲಸ ಆಯಿತು. ಮುದ್ದೆಗೆ ನಾವು ಉಪ್ಪು ಹಾಕುವುದಿಲ್ಲ, ಅನ್ನಕ್ಕೂ ಹಾಕುವುದಿಲ್ಲ. ಆ ಮಟ್ಟಿಗೆ ನಮ್ಮ ಹಿರಿಯರು ಜಾಣರು. ಸೊಪ್ಪಿನ ಸಾರಿಗೆ, ಪಲ್ಯಕ್ಕೆ, ಕೋಸಂಬರಿಗೆ ನಿಂಬೆಹುಳಿ, ಮೆಣಸು, ಹಸಿಶುಂಠಿ, ಕೊತ್ತಂಬರಿ ಮುಂದಾದರೆ ಉಪ್ಪು ತಾನಾಗಿ ಹಿಂದೆ ಸರಿಯುತ್ತದೆ. ಮಂಡ್ಯದವರ ಉಪ್ಪುಸಾರಿನ ಮೇಲೆ ಕೈಹಾಕುವ ಧೈರ್ಯ ನನಗಿಲ್ಲ; ಅದನ್ನು ಅವರವರ ಮನೆಯವರಿಗೇ ಬಿಡುತ್ತೇನೆ.

ಇಲ್ಲೊಂದು ಎಚ್ಚರಿಕೆ. 'ಅಪ್ಪನಿಗೆ ಬಿಪಿ, ಅವರಿಗೆ ಬೇರೆ ಸಾರು' ಎನ್ನುವ ಏರ್ಪಾಡು ಹತ್ತು ದಿನವೂ ನಡೆಯುವುದಿಲ್ಲ. ಅಡುಗೆ ಮಾಡುವವರಿಗೆ ಎರಡು ಪಾತ್ರೆಯ ಕೆಲಸ, ಅಪ್ಪನಿಗೆ ಪಂಕ್ತಿಯಿಂದ ಎಬ್ಬಿಸಿದಂಥ ಅವಮಾನ. ಕಡಿಮೆ ಮಾಡುವುದಾದರೆ ಇಡೀ ಮನೆಗೆ ಮಾಡಿ, ಸ್ವಲ್ಪ ಸ್ವಲ್ಪವಾಗಿ ಮಾಡಿ, ಸಾಧ್ಯವಾದರೆ ಯಾರಿಗೂ ಹೇಳದೆ ಮಾಡಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗಿಕೊಳ್ಳುತ್ತದೆ. ಗಂಡನಿಗೆ ಬಿಪಿ ಎಂದರೆ ಅದು ಗಂಡನ ಸ್ವಂತ ಆಸ್ತಿ ಅಂದುಕೊಳ್ಳಬೇಡಿ. ಭಾರತ, ಚೀನಾ, ಅಮೆರಿಕ, ಇಂಗ್ಲೆಂಡಿನ ನಡುವಯಸ್ಸು ದಾಟಿದ ದಂಪತಿಗಳನ್ನು ನೋಡಿದ ಒಂದು ಅಧ್ಯಯನ 2023ರಲ್ಲಿ ಬಂತು. ನಮ್ಮಲ್ಲಿ ಐದು ಜೋಡಿಗಳಲ್ಲಿ ಒಂದು ಜೋಡಿಗೆ ಇಬ್ಬರಿಗೂ ಬಿಪಿ ಇತ್ತು. ಗಂಡನಿಗೆ ಇದ್ದರೆ ಹೆಂಡತಿಗೂ ಇರುವ ಸಾಧ್ಯತೆ, ಇಲ್ಲದ ಮನೆಗಿಂತ ಶೇಕಡ 19ರಷ್ಟು ಹೆಚ್ಚು. ರಕ್ತಸಂಬಂಧವಿಲ್ಲದ ಇಬ್ಬರು ಹಂಚಿಕೊಳ್ಳುವುದು ಅಡುಗೆ, ನಿದ್ದೆ ಮತ್ತು ಚಿಂತೆಯನ್ನೇ ತಾನೇ?

ಹಿಮಾಲಯದ ಗುಲಾಬಿ ಉಪ್ಪು, ಸೈಂಧವ ಲವಣ ತಿಂದರೆ ಬಿಪಿ ಬರುವುದಿಲ್ಲ ಎಂದು ವಾಟ್ಸಾಪಿನಲ್ಲಿ ಬರುತ್ತದೆ. ಅದೂ ಹೆಚ್ಚುಕಡಿಮೆ ಪೂರ್ತಿ ಸೋಡಿಯಂ ಕ್ಲೋರೈಡೇ, ಬಣ್ಣ ಬೇರೆ, ಬೆಲೆ ಹೆಚ್ಚು. ನಿಜವಾಗಿ ಬೇರೆಯಾದದ್ದು ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪು. ಚೀನಾದ 600 ಹಳ್ಳಿಗಳಲ್ಲಿ, ಪಾರ್ಶ್ವವಾಯು ಆದವರಿಗೆ ಮತ್ತು ಬಿಪಿ ಇರುವ ಅರುವತ್ತು ದಾಟಿದವರಿಗೆ, ನಾಲ್ಕನೇ ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಇರುವ ಉಪ್ಪನ್ನು ಐದು ವರ್ಷದ ಹತ್ತಿರ ಕೊಟ್ಟು ನೋಡಿದರು. ಪಾರ್ಶ್ವವಾಯು ಶೇಕಡ 14ರಷ್ಟು ಇಳಿಯಿತು. 2021ರ ಸುದ್ದಿ ಇದು. ಆದರೆ ಮೂತ್ರಪಿಂಡದ ತೊಂದರೆ ಇರುವವರು, ಕೆಲವು ಬಗೆಯ ಬಿಪಿ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಇದನ್ನು ಮನೆಗೆ ತರಕೂಡದು.

ಎಣ್ಣೆಯ ವಿಷಯ ಚುಟುಕಾಗಿ. ಯಾವ ಎಣ್ಣೆ ಎಂಬ ಚರ್ಚೆಯಲ್ಲಿ ಎಷ್ಟು ಎಣ್ಣೆ ಎಂಬುದು ಮರೆತುಹೋಗುತ್ತದೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರು ಲೀಟರು ದಾಟಿ ಬಹಳ ಮುಂದೆ ಹೋಗುತ್ತಿದ್ದರೆ ಬಾಣಲೆ ಕೆಳಗಿಳಿಸುವ ಹೊತ್ತಾಗಿದೆ. ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ವನಸ್ಪತಿಯ ಟ್ರಾನ್ಸ್ ಕೊಬ್ಬಿಗೆ 2022ರ ಜನವರಿಯಿಂದ ಶೇಕಡ 2ರ ಮಿತಿ ಬಂದಿರುವುದು ಒಳ್ಳೆಯದೇ ಆಯಿತು. ಹಾಗೆಂದು ಪಫ್ಸು ಪಥ್ಯದ ಆಹಾರವಾಗಲಿಲ್ಲ.

ಅಡುಗೆಮನೆಯಿಂದ ಈಗ ಮಾತ್ರೆ ಡಬ್ಬಿಗೆ. ನನ್ನ ಕೋಣೆಗೆ ದಂಪತಿ ಬಂದಾಗ ನಡೆಯುವ ಒಂದು ದೃಶ್ಯ ಹೇಳುತ್ತೇನೆ. ನಂಜನಗೂಡಿನ ಕಡೆಯ ಹಳ್ಳಿಯವರು ಅಂದುಕೊಳ್ಳಿ. ಯಜಮಾನರು ಕುರ್ಚಿಯಲ್ಲಿ ಕೂರುತ್ತಾರೆ, ಹೆಂಡತಿ ಹಿಂದೆ ನಿಂತಿರುತ್ತಾರೆ. ಯಾವ ಮಾತ್ರೆ ತಗೊಳ್ತಿದ್ದೀರಿ ಎಂದರೆ ಯಜಮಾನರು ಹಿಂದಕ್ಕೆ ತಿರುಗುತ್ತಾರೆ. ಆಕೆ ಬಟ್ಟೆ ಅಂಗಡಿಯ ಕವರಿನಿಂದ ಮಾತ್ರೆ ಪಟ್ಟಿಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಡುತ್ತಾರೆ. 'ಗುಲಾಬಿ ಬಣ್ಣದ್ದು ಬೆಳಿಗ್ಗೆ ತಿಂಡಿ ಆದ್ಮೇಲೆ ಸಾರ್, ಈ ಸಣ್ಣದು ಮದ್ಯಾನ, ಬಿಳೀದು ರಾತ್ರಿ ಅರ್ಧ.' ಒಂದೂ ತಪ್ಪಿಲ್ಲ. ಆಮೇಲೆ ಯಜಮಾನರನ್ನು ಕೇಳುತ್ತೇನೆ: ನಿಮ್ಮ ಮನೆಯವರಿಗೆ ಏನು ಮಾತ್ರೆ? 'ಅವಳ್ಗೇನಾಗದೆ ಸಾರ್, ಕಲ್ಗುಂಡಿದ್ದಂಗವ್ಳೆ.' ಬಂದದ್ದು ಬಂದಿದ್ದೀರಲ್ಲ, ಕೂತ್ಕೊಳ್ಳಿ ತಾಯಿ ಎಂದು ಪಟ್ಟಿ ಕಟ್ಟಿ ನೋಡಿದರೆ 170/100. 'ತಲೆ ನೋಯ್ತಿತ್ತು, ಬಿಸಿಲ್ಗೇನೋ ಅಂತ ಸುಮ್ಕಿದ್ದೆ' ಎಂಬುದು ಅವರ ಉತ್ತರ. ಈ ದೃಶ್ಯ ಹಳ್ಳಿಯದಷ್ಟೇ ಅಂದುಕೊಳ್ಳಬೇಡಿ. ಸರಸ್ವತಿಪುರಂ, ಕುವೆಂಪುನಗರದ ನಿವೃತ್ತ ಮೇಷ್ಟರುಗಳ ಮನೆಯದೂ ಇದೇ ಕಥೆ, ಭಾಷೆ ಸ್ವಲ್ಪ ನಯ ಅಷ್ಟೇ.

ಇಲ್ಲಿ ಕೂತಿರುವ ಗಂಡಸರಿಗೆ ಒಂದು ಮನೆಪಾಠ ಕೊಡುತ್ತೇನೆ. ನಿಮ್ಮ ಹೆಂಡತಿಯ, ತಾಯಿಯ ಕೊನೆಯ ಬಿಪಿ ಎಷ್ಟಿತ್ತು ಎಂದು ಇವತ್ತು ಕೇಳಿ. ಅವರಿಗೇ ಗೊತ್ತಿಲ್ಲದಿದ್ದರೆ ನಾಳೆ ಕರೆದುಕೊಂಡು ಹೋಗಿ.

ಮಾತ್ರೆಯ ಬಗ್ಗೆ ಎರಡು ಭಯಗಳು ಎಲ್ಲ ಕಡೆ ಇವೆ. ಒಂದು, 'ಶುರು ಮಾಡಿದ್ರೆ ಜೀವನಪೂರ್ತಿ ಅಂಟಿಕೊಳ್ಳುತ್ತೆ.' ಅಂಟಿಕೊಂಡಿರುವುದು ಕಾಯಿಲೆ; ಮಾತ್ರೆ ಅದನ್ನು ಹಿಡಿದಿಟ್ಟಿದೆ. ಇನ್ನೊಂದು ಭಯ ಅನ್ನುವುದಕ್ಕಿಂತ ಆತುರ: 'ನಾರ್ಮಲ್ ಬಂತು, ಬಿಟ್ಟೆ.' ಮನೆ ಸೋರುತ್ತಿಲ್ಲ ಎಂದು ಯಾರಾದರೂ ಹೆಂಚು ಇಳಿಸುತ್ತಾರೆಯೇ? ಬಿಪಿಗೆ ಸಾಮಾನ್ಯವಾಗಿ ಬರೆಯುವ ಮಾತ್ರೆಗಳು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ, ಜನೌಷಧಿ ಅಂಗಡಿಯಲ್ಲಿ ಅಗ್ಗ. ಮರೆಯುವವರು ಮಾತ್ರೆಯನ್ನು ಬೀರುವಿನಲ್ಲಿ ಭದ್ರವಾಗಿಡದೆ ಕಾಫಿಪುಡಿ ಡಬ್ಬಿಯ ಪಕ್ಕ ಇಟ್ಟರೆ ಸಾಕು. ಮೈಸೂರಿನಲ್ಲಿ ಬೆಳಗಿನ ಕಾಫಿ ಮರೆತವರನ್ನು ನಾನು ಕಂಡಿಲ್ಲ.

ನಡಿಗೆ. ವಾರಕ್ಕೆ 150 ನಿಮಿಷ, ಮಾತಾಡಲು ಬರುವಷ್ಟು ಆದರೆ ಹಾಡಲು ಬಾರದಷ್ಟು ಬಿರುಸು. ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಜೆರ್ರಿ ಮಾರಿಸ್ ಎಂಬ ವೈದ್ಯರು ಹೋಲಿಸಿ 1953ರಲ್ಲೇ ಬರೆದಿದ್ದರು. ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಡ್ರೈವರುಗಳಿಗೆ ಹೃದ್ರೋಗ ಹೆಚ್ಚಿತ್ತು. ನಮಗೆ ಚಾಮುಂಡಿ ಬೆಟ್ಟದ ಮೆಟ್ಟಿಲುಗಳಿವೆ, ಕುಕ್ಕರಹಳ್ಳಿ ಕೆರೆಯ ದಂಡೆಯಿದೆ. ಕೆರೆ ಸುತ್ತಿ ನೇರ ಹೋಟೆಲಿಗೆ ಹೋಗಿ ಬೆಣ್ಣೆ ತೇಲುವ ಮಸಾಲೆ ದೋಸೆ ತಿನ್ನುವ ಗುಂಪೊಂದಿದೆ. ಅವರಲ್ಲಿ ಕೆಲವರು ಈ ಸಭೆಯಲ್ಲೇ ಇದ್ದಾರೆ, ಹೆಸರು ಹೇಳುವುದಿಲ್ಲ. 'ಮನೆಗೆಲಸವೇ ವ್ಯಾಯಾಮ ಅಲ್ವಾ?' ಎಂದು ಹೆಣ್ಣುಮಕ್ಕಳಿಗೆ ಹೇಳುವವರಿದ್ದಾರೆ. ಒರಳು, ಬಾವಿಯ ಕಾಲದಲ್ಲಿ ಆಗಿರಬಹುದು. ಗ್ಯಾಸಿನ ಮುಂದೆ ಮೂರು ಗಂಟೆ ನಿಂತರೆ ಮಂಡಿನೋವು ಬರುತ್ತದೆ, ಹೃದಯಕ್ಕೆ ಬೇಕಾದ ಬಿರುಸು ಬರುವುದಿಲ್ಲ. ಅವರು ಬೆಳಿಗ್ಗೆ ಅರ್ಧ ಗಂಟೆ ಹೊರಗೆ ನಡೆಯಬೇಕಾದರೆ ಆ ಹೊತ್ತಿನ ತಿಂಡಿಯನ್ನು, ಮಕ್ಕಳ ಡಬ್ಬಿಯನ್ನು ಬೇರೆಯವರು ನೋಡಿಕೊಳ್ಳಬೇಕು. ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಡಾಕ್ಟರು ಚೀಟಿಯಲ್ಲಿ ಬರೆಯಲಾಗುವುದಿಲ್ಲ.

ತಂಬಾಕು ನಮ್ಮ ಜಿಲ್ಲೆಯಲ್ಲಿ ಮುಜುಗರದ ವಿಷಯ. ಹುಣಸೂರು, ಪಿರಿಯಾಪಟ್ಟಣದ ಎಷ್ಟೋ ಮನೆಗಳ ಅನ್ನ ಬರುವುದೇ ಆ ಎಲೆಯಿಂದ. ರೈತರನ್ನು ಬೈಯುವುದು ನನ್ನ ಉದ್ದೇಶವಲ್ಲ. ಆದರೆ 2016-17ರ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಶೇಕಡ 22.8 ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಬೀಡಿ, ಸಿಗರೇಟು, ಕಡ್ಡಿಪುಡಿ, ಗುಟ್ಕಾ. 'ನಾನು ಮನೆಯೊಳಗೆ ಸೇದಲ್ಲ, ಜಗುಲೀಲಿ ಸೇದ್ತೀನಿ' ಎನ್ನುವವರಿಗೆ ಹೇಳಬೇಕಾದ್ದು: ಇನ್ನೊಬ್ಬರ ಹೊಗೆಯನ್ನು ಉಸಿರಾಡುವವರಿಗೂ ಹೃದ್ರೋಗದ ಅಪಾಯ ಶೇಕಡ 25ರಿಂದ 30ರಷ್ಟು ಏರುತ್ತದೆ. ಬಿಟ್ಟರೆ ಒಂದೇ ವರ್ಷದಲ್ಲಿ ಸೇದುವವನ ಹೆಚ್ಚುವರಿ ಅಪಾಯ ಅರ್ಧಕ್ಕೆ ಇಳಿಯುತ್ತದೆ. ಇಷ್ಟು ಬೇಗ ಲಾಭ ಕೊಡುವ ಔಷಧಿ ನನ್ನ ಬಳಿ ಇನ್ನೊಂದಿಲ್ಲ.

ಈಗ ಮೈಸೂರಿನವರು ಹೆಮ್ಮೆಪಡಬೇಕಾದ, ಆದರೆ ಮೈಸೂರಿನವರಿಗೇ ಅಷ್ಟಾಗಿ ಗೊತ್ತಿಲ್ಲದ ಒಂದು ಸಂಗತಿಗೆ ಬರುತ್ತೇನೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಮ್ಮೆಲ್ಲರ ಬಾಯಲ್ಲಿ ಮಿಷನ್ ಆಸ್ಪತ್ರೆ, ನಿಮಗೆ ಗೊತ್ತು. ನಿಮ್ಮಲ್ಲಿ ಹಲವರು ಅಲ್ಲೇ ಹುಟ್ಟಿರಬಹುದು. ಅಲ್ಲಿಯ ಹೆರಿಗೆ ವಾರ್ಡಿನವರು 1934ರಿಂದಲೇ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ಪುಸ್ತಕದಲ್ಲಿ ಬರೆದಿಟ್ಟರು. ಯಾವ ದೊಡ್ಡ ಉದ್ದೇಶವೂ ಇಲ್ಲದೆ, ಕೆಲಸದ ಶಿಸ್ತಿಗಾಗಿ. ಅರ್ಧ ಶತಮಾನ ಕಳೆದ ಮೇಲೆ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಡೇವಿಡ್ ಬಾರ್ಕರ್ ಮತ್ತು ಅವರ ಜೊತೆಯ ಸಂಶೋಧಕರು ಈ ಆಸ್ಪತ್ರೆಯವರೊಡನೆ ಸೇರಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಇಲ್ಲೇ ಸುತ್ತಮುತ್ತ ಬದುಕಿದ್ದ 517 ಜನರನ್ನು ಹುಡುಕಿ ತೆಗೆದು ಅವರ ಹೃದಯ ಪರೀಕ್ಷೆ ಮಾಡಿದರು. ಹುಟ್ಟಿದಾಗ ತೂಕ ಕಡಿಮೆ ಇದ್ದವರಲ್ಲಿ, ತಾಯಿ ಬಡಕಲಾಗಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿತ್ತು. ಸೇಂಟ್ ಜಾನ್ಸ್‌ನವರ ವರದಿ ಬಂದ 1996ರಲ್ಲೇ, ಅದೇ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದೂ ಅಚ್ಚಾಯಿತು. ಹೊಟ್ಟೆಯಲ್ಲಿರುವಾಗ ಸಾಕಷ್ಟು ಪೋಷಣೆ ಸಿಗದ ಮಗು ಇರುವುದರಲ್ಲೇ ಸುಧಾರಿಸಿಕೊಂಡು ಬೆಳೆಯುತ್ತದೆ. ಆ ಸುಧಾರಿಸಿಕೊಂಡ ದೇಹಕ್ಕೆ ಮುಂದೆ ಧಾರಾಳವಾಗಿ ಅನ್ನ, ಸಕ್ಕರೆ, ಎಣ್ಣೆ ಬಿದ್ದಾಗ ತಡೆದುಕೊಳ್ಳಲಾಗುವುದಿಲ್ಲ ಎಂಬುದು ಬಾರ್ಕರ್ ಅವರ ವಾದದ ತಿರುಳು.

ಇದನ್ನು ಓದಿದ ಮೇಲೆ ನಮ್ಮ ಮನೆಗಳ ಊಟದ ಸರದಿ ನನ್ನ ಕಣ್ಣಿಗೆ ಬೇರೆಯಾಗಿ ಕಾಣತೊಡಗಿತು. ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದ ಸಾರನ್ನು ಅನ್ನಕ್ಕೆ ಸುರಿದುಕೊಂಡು ಕೊನೆಗೆ ಉಣ್ಣುವ ಸೊಸೆ ಬಸುರಿಯಾಗಿದ್ದರೆ, ಅಲ್ಲಿ ಇಬ್ಬರ ಊಟ ಕಡಿತವಾಗುತ್ತಿದೆ. 'ಜಾಸ್ತಿ ತಿಂದ್ರೆ ಮಗು ದಪ್ಪ ಆಗಿ ಹೆರಿಗೆ ಕಷ್ಟ' ಎಂಬ ಮಾತು ಇನ್ನೂ ಕೇಳಿಬರುತ್ತದೆ. ಸೀಮಂತದ ದಿನ ಮಡಿಲು ತುಂಬಿ, ಮರುದಿನ ಅವಳನ್ನು ಕೊನೆಯ ಪಂಕ್ತಿಗೆ ಕೂರಿಸಿದರೆ ಏನು ಬಂತು? ಕಡಿಮೆ ತೂಕದಲ್ಲಿ ಹುಟ್ಟಿದವರ ಹಣೆಬರಹ ಅಲ್ಲಿಗೇ ಮುಗಿಯಿತು ಎಂದು ಯಾರೂ ಗಾಬರಿಯಾಗಬೇಡಿ. ಅಂಥವರು ಬಿಪಿ, ಶುಗರ್ ಪರೀಕ್ಷೆಯನ್ನು ಸ್ವಲ್ಪ ಬೇಗ ಶುರು ಮಾಡಿದರೆ ಒಳ್ಳೆಯದು, ಅಷ್ಟೇ.

ಇನ್ನು ನೆಮ್ಮದಿ. ಇಲ್ಲಿ ಉಪದೇಶದ ಜಾರುಬಂಡೆ ಇದೆ, ಹುಷಾರಾಗಿ ಹೋಗುತ್ತೇನೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಿಂದ ಹೃದಯದ ಅಧ್ಯಯನ ನಡೆಯುತ್ತಿದೆ. ಅಲ್ಲಿಯ ಮೊದಲ ತಲೆಮಾರಿನವರ ಮಕ್ಕಳನ್ನು ಹತ್ತು ವರ್ಷ ಗಮನಿಸಿ 2007ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಒಂದು ಪ್ರಶ್ನೆಯಿತ್ತು: ಗಂಡ-ಹೆಂಡಿರ ಜಗಳವಾದಾಗ ನೀವು ಮಾತಾಡುತ್ತೀರೋ, ನುಂಗಿಕೊಳ್ಳುತ್ತೀರೋ? ನುಂಗಿಕೊಳ್ಳುತ್ತೇವೆ ಎಂದ ಹೆಂಗಸರು ಆ ಹತ್ತು ವರ್ಷಗಳಲ್ಲಿ ತೀರಿಕೊಂಡ ಪ್ರಮಾಣ, ಮಾತಾಡುವವರ ನಾಲ್ಕು ಪಟ್ಟು. ಗಂಡಸರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ. ಸ್ಟಾಕ್‌ಹೋಮಿನಲ್ಲಿ ಒಮ್ಮೆ ಹೃದಯದ ತೊಂದರೆಯಾಗಿ ಆಸ್ಪತ್ರೆ ಸೇರಿದ್ದ ಹೆಂಗಸರನ್ನು ಗಮನಿಸಿದಾಗ, ದಾಂಪತ್ಯದಲ್ಲಿ ತೀವ್ರ ಒತ್ತಡವಿದ್ದವರಿಗೆ ಮತ್ತೆ ತೊಂದರೆಯಾಗುವ ಸಾಧ್ಯತೆ ಮೂರು ಪಟ್ಟಿನ ಹತ್ತಿರವಿತ್ತು. ಅದು 2000ದ ವರದಿ. ಇವು ಒಂದೊಂದು ಊರಿನ ಲೆಕ್ಕಗಳು, ಕಾರಣ ಇದೇ ಎಂದು ಮುದ್ರೆ ಒತ್ತುವಂಥವಲ್ಲ. ಆದರೂ, ಭೂಮಿತೂಕದ ತಾಳ್ಮೆ ಎಂದು ಹೆಣ್ಣುಮಕ್ಕಳನ್ನು ಹೊಗಳುವ, 'ಹೊಟ್ಟೆಗೆ ಹಾಕ್ಕೊಂಡು ಹೋಗಮ್ಮ' ಎಂದು ತವರಿನಿಂದಲೇ ಬುದ್ಧಿ ಹೇಳಿ ಕಳಿಸುವ ನಾವು ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು. ಸದ್ದಿಲ್ಲದ ಮನೆಯನ್ನು ಸುಖೀ ಮನೆ ಎಂದು ನಾವು ಲೆಕ್ಕ ಹಾಕಿಕೊಂಡಿದ್ದೇವೆ. ಆ ಸದ್ದಿಲ್ಲದಿರುವಿಕೆಯ ಬೆಲೆಯನ್ನು ಯಾರು ಕಟ್ಟುತ್ತಿದ್ದಾರೆ ಎಂದು ನೋಡುವುದಿಲ್ಲ.

ಈ ಮಾತು ಬಂದಾಗಲೆಲ್ಲ ಅವಿಭಕ್ತ ಕುಟುಂಬದ ಅಭಿಮಾನಿಗಳು ಪೆನ್ಸಿಲ್ವೇನಿಯಾದ ರೊಸೆಟೊ ಎಂಬ ಊರಿನ ಕಥೆ ಹೇಳುತ್ತಾರೆ. ಇಟಲಿಯಿಂದ ವಲಸೆ ಬಂದವರ ಊರು. ಕೊಬ್ಬು ತಿನ್ನುತ್ತಿದ್ದರು, ಸೇದುತ್ತಿದ್ದರು, ಆದರೂ ಪಕ್ಕದ ಊರಿಗಿಂತ ಹೃದಯಾಘಾತದ ಸಾವು ಬಹಳ ಕಡಿಮೆ ಎಂದು 1960ರ ದಶಕದಲ್ಲಿ ಸ್ಟೂವರ್ಟ್ ವುಲ್ಫ್ ಮತ್ತು ಸಂಗಡಿಗರು ಬರೆದರು. ಮೂರು ತಲೆಮಾರು ಒಂದೇ ಸೂರಿನಡಿ, ಊರೆಲ್ಲ ಬಳಗ. ಆ ಬದುಕು ಸಡಿಲವಾದಂತೆ ವ್ಯತ್ಯಾಸವೂ ಅಳಿಯಿತು. ಕಥೆ ಚೆನ್ನಾಗಿದೆ, ಅದರಲ್ಲಿ ಸತ್ಯವೂ ಇದೆ. ಆದರೆ ನಮ್ಮ ದೊಡ್ಡ ಮನೆಗಳನ್ನು ಹಾಡಿ ಹೊಗಳುವವರಲ್ಲಿ ಆ ಮನೆಗಳ ಅಡುಗೆ ಒಲೆಯ ಮುಂದೆ ಇದ್ದವರು ಕಡಿಮೆ. ಮನೆಯಲ್ಲಿ ಎಷ್ಟು ತಲೆ ಇವೆ ಎಂಬುದಕ್ಕಿಂತ, ಎದೆ ಭಾರವಾದಾಗ ಯಾರಿಗೆ ಬಾಯಿಬಿಟ್ಟು ಹೇಳಬಹುದು ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ಗಂಡಸರದೂ ಬೇರೆ ಬಗೆಯ ಮೌನ. ಎದೆನೋವು ಎಂದು ಬಂದವರು ಮೂರನೆಯ ಭೇಟಿಯಲ್ಲಿ ಬಾಯಿಬಿಡುತ್ತಾರೆ: ಚೀಟಿ ದುಡ್ಡು ಮುಳುಗಿದೆ, ಕೈಸಾಲ ಬೆಳೆದಿದೆ, ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಟಿವಿ ಆರಿಸಿ, ಮೊಬೈಲು ಬದಿಗಿಟ್ಟು, ರಾತ್ರಿ ಎಂಟು ಗಂಟೆಯೊಳಗೆ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಒಂದು ಹೊತ್ತಿನ ಊಟ ಇಂಥ ಮಾತುಗಳಿಗೂ ಜಾಗ ಮಾಡಿಕೊಡುತ್ತದೆ, ಹೊತ್ತಿಗೆ ಸರಿಯಾಗಿ ನಿದ್ದೆಯನ್ನೂ ಕೊಡುತ್ತದೆ.

ಕೊನೆಯದಾಗಿ, ಇಷ್ಟೆಲ್ಲ ಮಾಡಿಯೂ ಒಂದು ರಾತ್ರಿ ಎದೆ ಹಿಡಿದುಕೊಂಡರೆ? ಭಾರತದ 50 ಊರುಗಳ 89 ಆಸ್ಪತ್ರೆಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಹೃದ್ರೋಗಿಗಳನ್ನು ನೋಂದಾಯಿಸಿದ ಅಧ್ಯಯನವನ್ನು ಸೇಂಟ್ ಜಾನ್ಸ್‌ನವರ ಮುಂದಾಳತ್ವದಲ್ಲಿ ನಡೆಸಿ 2008ರಲ್ಲಿ ಪ್ರಕಟಿಸಿದರು. ನೋವು ಶುರುವಾದಲ್ಲಿಂದ ಆಸ್ಪತ್ರೆಯ ಬಾಗಿಲಿಗೆ ಬರುವ ಹೊತ್ತಿಗೆ ಅರ್ಧದಷ್ಟು ಜನಕ್ಕೆ 360 ನಿಮಿಷ ಕಳೆದುಹೋಗಿತ್ತು. ಆರು ಗಂಟೆ! ಬಂದ ಮೇಲೆ ರಕ್ತಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಲು ಆಸ್ಪತ್ರೆ ತೆಗೆದುಕೊಂಡದ್ದು 50 ನಿಮಿಷ. ಆ ಆರು ಗಂಟೆಯಲ್ಲಿ ಮನೆಯಲ್ಲಿ ಏನು ನಡೆಯುತ್ತದೆ ಎಂದು ನನಗೆ ಗೊತ್ತು. ಗ್ಯಾಸ್ಟ್ರಿಕ್ ಇರಬೇಕು ಎಂದು ಸೋಡಾ ಕುಡಿಸುತ್ತಾರೆ, ಓಮದ ಕಷಾಯ ಕಾಯಿಸುತ್ತಾರೆ, ಬೆನ್ನಿಗೆ ಮುಲಾಮು ತಿಕ್ಕುತ್ತಾರೆ. ಬೆಂಗಳೂರಿನಲ್ಲಿರುವ ಮಗನಿಗೆ ಫೋನು ಮಾಡಿ ಅವನು ಏನನ್ನುತ್ತಾನೆ ಎಂದು ಕಾಯುತ್ತಾರೆ. ಹೆಂಗಸರಾದರೆ ಇನ್ನೂ ತಡ. ಮಗಳ ಮನೆಯ ಗೃಹಪ್ರವೇಶಕ್ಕೆ ಬಂದಿದ್ದ ಒಬ್ಬರು, ಬೆಳಗಿನ ಜಾವದಿಂದ ದವಡೆ ಮತ್ತು ಬೆನ್ನು ನೋಯುತ್ತಿದ್ದರೂ, ಮೈಯೆಲ್ಲ ಬೆವೆತರೂ, ಕೊನೆಯ ಪಂಕ್ತಿ ಏಳುವವರೆಗೆ ಯಾರಿಗೂ ಹೇಳಲಿಲ್ಲ. ಶುಭಕಾರ್ಯ ಕೆಡಬಾರದು ಎಂದು. ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದಾಗ ಅವರ ಸೆರಗಿಗೆ ಇನ್ನೂ ಪಾಯಸದ ಕಲೆ ಇತ್ತು. ಬದುಕಿದರು, ಆದರೆ ಹೃದಯದ ಒಂದು ಭಾಗ ಸತ್ತುಹೋಗಿತ್ತು. ಈಗ ಎರಡು ಮೆಟ್ಟಿಲು ಹತ್ತಿದರೆ ಏದುಸಿರು.

ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವು ಜೋರಾಗಿ ಬಾರದೆ ಬರೀ ಉಸಿರುಗಟ್ಟುವುದು, ವಾಕರಿಕೆ, ದವಡೆ-ತೋಳು-ಬೆನ್ನಿನ ನೋವು, ವಿಪರೀತ ಸುಸ್ತು, ತಣ್ಣನೆಯ ಬೆವರು ಕಾಣಿಸಿಕೊಳ್ಳಬಹುದು. ಇಂಥದ್ದು ಕೆಲವು ನಿಮಿಷಕ್ಕೂ ಹೆಚ್ಚು ನಿಂತರೆ ಗ್ಯಾಸ್ಟ್ರಿಕ್ಕೋ ಅಲ್ಲವೋ ಎಂದು ತೀರ್ಮಾನಿಸುವ ಕೆಲಸ ಇಸಿಜಿ ಯಂತ್ರದ್ದು, ಮನೆಯವರದ್ದಲ್ಲ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ, ನಮ್ಮನ್ನು ಅಗಲಿದ ಮೇಲೆ ಅವರ ಹೆಸರಿನಲ್ಲಿ ರಾಜ್ಯ ಸರ್ಕಾರ 'ಹೃದಯ ಜ್ಯೋತಿ' ಯೋಜನೆ ತಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ಅಲ್ಲಿಂದಲೇ ನೋಡಿ ಹೇಳುತ್ತಾರೆ. ಬೇಕಾದವರಿಗೆ ದುಬಾರಿ ಚುಚ್ಚುಮದ್ದನ್ನು ಅಲ್ಲೇ ಪುಕ್ಕಟೆಯಾಗಿ ಕೊಡುತ್ತಾರೆ. ಮೈಸೂರಿಗೋ ಬೆಂಗಳೂರಿಗೋ ಹೊರಡುವ ಮೊದಲು ಹತ್ತಿರದ ಈ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಕರೆ ಮಾಡಿ. ನೋವಿರುವವರು ತಾವೇ ಗಾಡಿ ಓಡಿಸಿಕೊಂಡು ಹೋಗಬಾರದು. ನಿಮ್ಮ ಮನೆಗೆ ಹತ್ತಿರ ರಾತ್ರಿಯೂ ಇಸಿಜಿ ತೆಗೆಯುವ ಆಸ್ಪತ್ರೆ ಯಾವುದು, ಮಗ ಊರಲ್ಲಿಲ್ಲದಾಗ ಹೊರಡೋಣ ಎಂದು ಹೇಳುವವರು ಯಾರು, ಕೈಖರ್ಚಿನ ದುಡ್ಡು ಎಲ್ಲಿರುತ್ತದೆ, ಈ ಮೂರನ್ನು ಇದೇ ವಾರ ಮನೆಯವರೆಲ್ಲ ಕೂತು ಮಾತಾಡಿಕೊಳ್ಳಿ. ಆ ಮಾತಿಗೆ ಮನೆಯ ಹೆಂಗಸರನ್ನೂ ಕೂರಿಸಿಕೊಳ್ಳಿ, ಅವರಿಗೇ ನೋವು ಬಂದರೆ ಏನು ಎಂಬುದನ್ನೂ ಸೇರಿಸಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ತುಪ್ಪ ತಿನ್ನಬಹುದೇ, ಕೊಬ್ಬರಿ ಎಣ್ಣೆ ಒಳ್ಳೆಯದೇ ಎಂಬ ಪ್ರಶ್ನೆಗಳು ಇನ್ನು ಬರುತ್ತವೆ ಎಂದು ನನಗೆ ಗೊತ್ತು. ಚೀಟಿಯಲ್ಲಿ ಬರೆದು ಕೊಡಿ, ಒಂದೊಂದಾಗಿ ನೋಡೋಣ.